ಅರಿವೆಯ ಮೇಲೆ ಬರೆದ ಭೂಮಿತಿ

ನನ್ನ ಮೊಮ್ಮಗಳು ಮ್ಯಾಟ್ರಿಕ್ ಪಾಸಾದಳು. ಬನಹಟ್ಟಿಯ ನಮ್ಮ ಓಣಿಯಲ್ಲಿ ಈ ಮಾತು ಕೇಳದವರು ಯಾರೂ ಉಳಿದಿಲ್ಲ. ಕೇಳಿದವರಿಗೂ ನಾನು ಮತ್ತೊಮ್ಮೆ ಹೇಳಿದ್ದೇನೆ. ರಬಕವಿಯ ಬಣ್ಣದ ಮನೆಗೆ ನೂಲು ಕೊಡಲು ಹೋದಾಗ ಅಲ್ಲಿ ಹೇಳಿದೆ. ತೇರದಾಳದ ಸಂತೆಯಲ್ಲಿ ಗುರುತೇ ಇಲ್ಲದ ಮೆಣಸಿನಕಾಯಿ ವ್ಯಾಪಾರಿಗೆ ಹೇಳಿದೆ. ಅವನು ತೂಗುತ್ತಿದ್ದ ತಕ್ಕಡಿ ನಿಲ್ಲಿಸಿ, "ಹುಡುಗಿ ಏನ್ರಿ?" ಎಂದ. "ಹುಡುಗೀನ. ನನ್ನ ಮಗನ ಮಗಳು" ಎಂದೆ. ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕಿ, "ಹೋಗ್ರಿ ಅಜ್ಜಾರ, ಮುಂದಿನ ಗಿರಾಕಿಗೂ ಹೇಳಾಕ ನಿಂತೀರಿ" ಎಂದು ನಕ್ಕ. ನಿಜವಾಗಿಯೂ ನಾನು ಅಲ್ಲೇ ನಿಂತಿದ್ದೆ.

ನಾನು ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಓದಲು ಬರುತ್ತದೆ, ಬರೆಯುವಾಗ ಕೈ ಲಾಳಿ ಹಿಡಿದಷ್ಟು ಸಲೀಸಾಗಿ ಓಡುವುದಿಲ್ಲ. ಆದರೂ ಬರೆಯಲು ಕೂತದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಮಕ್ಕಳ ಓದಿಗಾಗಿ ಮಾಡಿ ಗೋಡೆಗೆ ತೂಗುಹಾಕಿದ ಅರಿವೆಯ ತಕ್ತೆಗಳನ್ನು, ಅಂದರೆ ಪಾಠದ ಪಟಗಳನ್ನು, ನೋಡಿ, ಬೇರೆ ಓಣಿಯವರೂ ತಮ್ಮ ಮಕ್ಕಳಿಗೆ ಅಂಥವನ್ನು ಮಾಡಬೇಕೆಂದಿದ್ದಾರೆ. ಓದುಮನೆಯ ತರುಣರು ಬಂದು, "ಅಜ್ಜಾ, ಮಾಡೂ ರೀತಿ ಬರದ ಕೊಡ್ರಿ, ಎಲ್ಲಾರಿಗೂ ಓದಿ ಹೇಳತೀವಿ" ಎಂದರು. ಮಾಡುವ ರೀತಿಯನ್ನಷ್ಟೇ ಬರೆದರೆ ಅರ್ಧ ಬರೆದಂತಾಗುತ್ತದೆ. ಕೆಟ್ಟುಹೋದ ಮೊದಲ ಅರಿವೆಯನ್ನು ಬಿಟ್ಟರೂ, ಆ ತಕ್ತೆಗಳನ್ನು ನಾನು ಎರಡು ಸಲ ಮಾಡಬೇಕಾಯಿತು. ಎರಡನೆಯ ಸಲ ಯಾಕೆ ಮಾಡಬೇಕಾಯಿತು ಎಂಬುದನ್ನೂ ಹೇಳುತ್ತೇನೆ.

ನೇಕಾರರ ಮನೆಯ ಮಕ್ಕಳಿಗೆ ಓದಲು ಹೊತ್ತಿಲ್ಲ ಎಂದು ಹೊರಗಿನವರು ಅನ್ನುತ್ತಾರೆ. ಹೊತ್ತು ಇರುತ್ತದೆ. ಕೈಗೆ ಬಿಡುವಿರುವುದಿಲ್ಲ. ನಮ್ಮಲ್ಲಿ ಎರಡು ಕುಣಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಮಗ, ಒಂದರಲ್ಲಿ ನಾನು. ಎರಡು ಲಾಳಿಗೂ ನೂಲು ಸುತ್ತಿ ಕೊಡುವುದು ನನ್ನ ಹೆಂಡತಿ ಮತ್ತು ಮೊಮ್ಮಗಳ ಕೆಲಸ. ಸಾಲೆಯಿಂದ ಬಂದವಳು ಒಂದು ರೊಟ್ಟಿ ತಿಂದು ರಾಟಿಯ ಮುಂದೆ ಕೂತರೆ ಬಲಗೈ ಚಕ್ರ ತಿರುವುತ್ತದೆ, ಎಡಗೈ ಎಳೆ ಹಿಡಿದಿರುತ್ತದೆ. ಪುಸ್ತಕವನ್ನು ನೆಲದ ಮೇಲಿಟ್ಟು ಕಾಲಿನ ಹೆಬ್ಬೆರಳಿನಿಂದ ಹಾಳೆ ಒತ್ತಿ ಓದುತ್ತಿದ್ದಳು. ಹಾಳೆ ಮಗುಚಬೇಕೆಂದರೆ ಎಳೆ ಕಡಿಯುತ್ತಿತ್ತು. ಒಮ್ಮೆ ಹಸಿ ನೂಲಿನ ಕೆಂಪು ಬಣ್ಣ ಸಾಲೆಯಿಂದ ತಂದ ಭೂಗೋಳದ ಪುಸ್ತಕಕ್ಕೆ ತಾಗಿ, ಅರಬ್ಬೀ ಸಮುದ್ರವೆಲ್ಲ ಕೆಂಪಾಗಿ, ಹುಡುಗಿ ಸಾಲೆಯಲ್ಲಿ ಬೈಸಿಕೊಂಡು ಬಂದಳು.

ಇದನ್ನು ಕಂಡವರು ಮಾಸ್ತರರು. ನಮ್ಮೂರ ಹೈಸ್ಕೂಲಿನಲ್ಲಿ ಗಣಿತ ಮತ್ತು ಇಂಗ್ಲಿಷ್ ಕಲಿಸುತ್ತಿದ್ದರು. ಜಮಖಂಡಿಯವರು, ಮನೆಯಲ್ಲಿ ಮರಾಠಿ, ಹೊರಗೆ ನಮ್ಮಂತೆಯೇ ಕನ್ನಡ. ಇನ್ನೂ ಕಾಯಂ ಆಗಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಇದ್ದರು. ಮೊಮ್ಮಗಳಿಗೆ ಬೀಜಗಣಿತ ಹೇಳಿಕೊಡಲು ಒಂದು ಸಂಜೆ ಬಂದವರು ದಿನವೂ ಬರತೊಡಗಿದರು. ಓಣಿಯ ಉಳಿದ ಮಕ್ಕಳೂ ಕೂಡಿಕೊಂಡರು. ಮಾಸ್ತರರು ಫೀ ಎಂದು ಏನನ್ನೂ ಕೇಳುತ್ತಿರಲಿಲ್ಲ. ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನಮ್ಮ ಜೊತೆಗೇ ರೊಟ್ಟಿ ತಿನ್ನುತ್ತಿದ್ದರು. ಅವರಂಥವರು ನಮ್ಮಂಥವರ ಮನೆಯಲ್ಲಿ ಕೂತು ಉಣ್ಣುವುದು ಎಲ್ಲೆಡೆ ಕಾಣುವ ಮಾತಲ್ಲ. ನನ್ನನ್ನು ಕಾಕಾ ಎಂದರು, ನನ್ನ ಹೆಂಡತಿಯನ್ನು ಕಾಕೂ ಎಂದರು. ಅವರ ಬಾಯಲ್ಲಿ ನಾವು ಚಿಕ್ಕಪ್ಪ, ಚಿಕ್ಕಮ್ಮ. ಆ ನಂಟನ್ನು ನಾನು ನಂಬಿದೆ.

ಆ ಸಂಜೆ ಹುಡುಗಿಯ ಹೆಬ್ಬೆರಳಿನ ಕೆಳಗಿನ ಪುಸ್ತಕ ನೋಡಿ ಅವರೆಂದರು:

"ಕಾಕಾ, ಈ ಪುಸ್ತಕ ಗ್ವಾಡಿಗೆ ಏರಿಸಬೇಕ ನೋಡ್ರಿ. ಕೈ ರಾಟಿ ಮ್ಯಾಲ, ಕಣ್ಣ ಗ್ವಾಡಿ ಮ್ಯಾಲ."

"ಅಷ್ಟ ದೊಡ್ಡ ಕಾಗದ ಎಲ್ಲಿ ಸಿಗತೈತ್ರಿ?"

"ಹಗಲೆಲ್ಲಾ ಅರಿವಿ ನೇಯೂ ಮನಷಾ ಕಾಗದ ಹುಡಕಾಕತ್ತೀರಲ್ಲ."

ಇಬ್ಬರೂ ನಕ್ಕೆವು. ಗೋಡೆಯ ಮಾತು ಅವರದು, ಅರಿವೆಯ ಮಾತೂ ಅವರದೇ ಇರಬಹುದು. ನೇಯ್ದವನು ನಾನು. ಇದನ್ನು ಈಗಲೇ ಸರಿಯಾಗಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಇನ್ನೊಂದು ಅಡಚಣೆಯಿತ್ತು. ಸಂಸ್ಥಾನದ ಕಾಲದಿಂದ ನಮ್ಮ ಸಾಲೆಯ ಗೋಡೆಯ ಮೇಲಿದ್ದ ತಕ್ತೆಗಳೆಲ್ಲ ಮರಾಠಿಯವು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದರೂ ಗೋಡೆ ಹಾಗೆಯೇ ಉಳಿದಿತ್ತು. ಕನ್ನಡದಲ್ಲಿ ಓದುವ ನಮ್ಮ ಮಕ್ಕಳು ಅವನ್ನು ನೋಡಿ ಊಹೆ ಮಾಡಬೇಕಿತ್ತು. ಹೇಗೂ ಮಾಡುವುದಾದರೆ ಕನ್ನಡದಲ್ಲಿಯೇ ಮಾಡೋಣ ಎಂದಾಯಿತು. ಮೊದಲಿಗೆ ಭೂಮಿತಿ, ಅಂದರೆ ರೇಖಾಗಣಿತ.

ದಪ್ಪ ನೂಲಿನ ಬಿಳಿ ಹಾಸು ಹೂಡಿದೆ. ಅಂಚಿಲ್ಲದ ಅರಿವೆ ನೇಯಲು ಕೈ ಒಪ್ಪಲಿಲ್ಲ. ಎರಡೂ ಬದಿಗೆ ಸಣ್ಣದೊಂದು ಕೆಂಪು ಅಂಚು, ನಡುವೆ ಹಳದಿಯ ಒಂದೆಳೆ ಇಟ್ಟೆ. "ತ್ರಿಕೋನಕ್ಕ ಸೀರಿ ಉಡಸಾಕತ್ತೀರೇನು?" ಎಂದು ಮಗ ಚೇಷ್ಟೆ ಮಾಡಿದ. ಉಡಿಸುತ್ತೇನೆ ಎಂದೆ.

ಬರೆಯಬೇಕಾದರೆ ಅರಿವೆ ಬಿಗಿಯಾಗಿ ನಿಲ್ಲಬೇಕು. ನೇಕಾರನಿಗೆ ಬಿಗಿಯಾದ ಅರಿವೆ ಎಂದರೆ ಮಗ್ಗದ ಮೇಲಿನದೇ. ಹೀಗಾಗಿ ಮಗ್ಗದ ಮೇಲಿರುವಾಗಲೇ ಬರೆಯುವುದೆಂದು ನಿಶ್ಚಯಿಸಿದೆವು. ಒಂದು ಮೊಳದಷ್ಟು ನೇಯುವುದು. ಲಾಳಿ ಬದಿಗಿಟ್ಟು, ನೇಯ್ದ ಭಾಗಕ್ಕೆ ಗೋಧಿ ಹಿಟ್ಟಿನ ತೆಳು ಗಂಜಿ ಸವರುವುದು. ಗಂಜಿ ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ತಿಕ್ಕುವುದು. ಆಮೇಲೆ ಮಾಸ್ತರರು ಕುಣಿಯ ಅಂಚಿಗೆ ಬಗ್ಗಿ, ತುದಿ ಜಜ್ಜಿದ ಬಿದಿರು ಕಡ್ಡಿಯನ್ನು ಬಣ್ಣದ ಮನೆಯ ಕಪ್ಪಿನಲ್ಲಿ ಅದ್ದಿ ಬರೆಯುವುದು. ದುಂಡಗಿನ ವರ್ತುಳಕ್ಕೆ ದಾರದ ಒಂದು ತುದಿ ನನ್ನ ಹೆಬ್ಬೆರಳಿನ ಕೆಳಗೆ, ಇನ್ನೊಂದು ತುದಿ ಅವರ ಕಡ್ಡಿಗೆ. ಅದು ಒಣಗಿದ ಮೇಲೆ ನಡುವೆ ಹಳೆಯ ಪತ್ರಿಕೆ ಹಾಸಿ ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತಿಕೊಂಡು ಮತ್ತೆ ನೇಯುವುದು. ಗಂಜಿ ಗಟ್ಟಿಯಾದರೆ ಸುತ್ತುವಾಗ ಬಿರಿಯುತ್ತದೆ, ತೆಳುವಾದರೆ ಕಪ್ಪು ಹರಡುತ್ತದೆ. ಹದ ಸಿಗುವವರೆಗೆ ಸುಮಾರು ಅರಿವೆ ಹಾಳಾಯಿತು. ಈ ಕೆಲಸ ನಡೆದಷ್ಟು ದಿನ ಆ ಮಗ್ಗದಿಂದ ಸೀರೆ ಇಳಿಯಲಿಲ್ಲ. ಮಗ ಏನೂ ಅನ್ನಲಿಲ್ಲ. ಮಗಳ ಓದು ಅವನದೂ ಅಲ್ಲವೇ.

ಮೊದಲ ಅರಿವೆ ಬಿಡಿಸಿ ಗೋಡೆಗೆ ತೂಗುಹಾಕಿದ ದಿನ ಮನೆ ತುಂಬ ಜನ. ಹೆಂಡತಿ ಕುಂಕುಮ ಹಚ್ಚಲು ಹೋದಳು. ಮಾಸ್ತರರು ತಡೆದರು.

"ಕಾಕೂ, ಅಲ್ಲೆ ಹಚ್ಚಬ್ಯಾಡ್ರಿ. ಇನ್ನೊಂದ ಬಿಂದು ಆತಂದ್ರ ಪ್ರಮೇಯ ಬದಲಾಗತೈತಿ."

ಅವಳು ಗೋಡೆಯ ಮೊಳೆಗೇ ಕುಂಕುಮ ಹಚ್ಚಿ ಒಳಗೆ ಹೋದಳು.

ಜನ ಹೋದ ಮೇಲೆ ಮೊಮ್ಮಗಳು ದಾರ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕರೆದಳು.

"ಅಜ್ಜಾ, ಈ ವರ್ತುಳ ಮಲಕೊಂಡೈತಿ."

"ಅಂದ್ರ?"

"ಅಡ್ಡ ಹಿಡದ್ರ ದಾರ ಸರಿಯಾಗಿ ಗೆರಿಗೆ ಮುಟ್ಟತೈತಿ. ಉದ್ದಕ ಹಿಡದ್ರ ದಾರ ಗೆರಿ ದಾಟಿ ಉಳೀತೈತಿ."

ಮಾಸ್ತರರು ತಮ್ಮ ಕೈಯದೇ ತಪ್ಪೆಂದು ಮತ್ತೊಮ್ಮೆ ಅಳೆದರು. ಒಂದಲ್ಲ, ಎಲ್ಲ ವರ್ತುಳಗಳೂ ಹಾಗೆಯೇ ಇದ್ದವು. ಕಾಟಕೋನ, ಎಂದರೆ ಲಂಬಕೋನ, ಹಾಗೆಯೇ ಇತ್ತು, ಆದರೆ ಸಮಭುಜ ತ್ರಿಕೋನದ ಭುಜಗಳು ಸಮ ಇರಲಿಲ್ಲ. ಆಗ ನನಗೆ ಹೊಳೆದು ನಗು ಬಂತು. ಮಗ್ಗದ ಮೇಲೆ ಹಾಸು, ಎಂದರೆ ಉದ್ದದ ಎಳೆ, ಎಳೆದು ನಿಂತಿರುತ್ತದೆ. ಬಿಡಿಸಿದ ಕೂಡಲೇ ಅರಿವೆ ಉದ್ದಕ್ಕೆ ಕುಗ್ಗುತ್ತದೆ. ಅದಕ್ಕೇ ನಾವು ಸೀರೆಯನ್ನು ಅಳತೆಗಿಂತ ತುಸು ಹೆಚ್ಚಿಗೇ ನೇಯುವುದು. ಇದು ಗೊತ್ತಿಲ್ಲದ ನೇಕಾರ ನಾಲ್ಕೂರಿನಲ್ಲಿ ಸಿಗುವುದಿಲ್ಲ. ಆದರೆ ಸೀರೆ ಕುಗ್ಗುವುದನ್ನು ಬಲ್ಲ ನನಗೆ, ಅದರ ಮೇಲಿನ ವರ್ತುಳವೂ ಕುಗ್ಗುತ್ತದೆಂದು ಹೊಳೆದಿರಲಿಲ್ಲ.

ಹೇಳಿದಾಗ ಮಾಸ್ತರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಾವಿಬ್ರೂ ಕೂಡಿ ಭೂಮಿತಿನ ಗಿಡ್ಡ ಮಾಡಿದ್ವಲ್ಲ ಕಾಕಾ" ಎಂದರು. ಆ ಅರಿವೆಯನ್ನು ಹೆಂಡತಿ ತೊಳೆದು ಕೌದಿಗೆ ಹಾಕಿದಳು. ಕಪ್ಪು ಪೂರ್ತಿ ಹೋಗಲಿಲ್ಲ. ಇವತ್ತಿಗೂ ನಾನು ಪ್ರಮೇಯ ಹೊದ್ದು ಮಲಗುತ್ತೇನೆ.

ಮಾಡಬೇಕೆನ್ನುವವರು ಇದನ್ನು ನೆನಪಿಡಬೇಕು. ಮೊದಲು ಪೂರ್ತಿ ನೇಯ್ದು ಬಿಡಿಸಿರಿ. ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿಗೆ ಒಣಗಿಸಿರಿ. ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಲಿ. ಆಮೇಲೆ ಸಾರಿಸಿದ ನೆಲದ ಮೇಲೆ ಎಳೆಯದೆ ಹಾಸಿ ಗಂಜಿ ಕೊಟ್ಟು, ಒಣಗಿಸಿ, ತಿಕ್ಕಿ, ಆಗ ಬರೆಯಿರಿ. ಗಂಜಿಯಲ್ಲಿ ಚೂರು ಮೈಲುತುತ್ತ ಹಾಕಿದರೆ ಹುಳ ಮುಟ್ಟುವುದಿಲ್ಲ. ಹೀಗೆ ಮಾಡಿದ ಮೇಲೆ ವರ್ತುಳ ಎದ್ದು ನಿಂತಿತು.

ದೀಪಾವಳಿ ಮುಗಿಯುವ ಹೊತ್ತಿಗೆ ನಮ್ಮ ಪಡಸಾಲೆಯ ಮೂರು ಗೋಡೆ ತುಂಬಿದ್ದವು. ಪ್ರಮೇಯಗಳು ಒಂದು ಕಡೆ, ಹಿಂದುಸ್ತಾನದ ನದಿಗಳು ಒಂದು ಕಡೆ, ಇಂಗ್ಲಿಷ್ ಕ್ರಿಯಾಪದಗಳ ಮೂರು ರೂಪಗಳು ಇನ್ನೊಂದು ಕಡೆ. ಓಣಿಯ ಮಕ್ಕಳು ತಮ್ಮ ತಮ್ಮ ರಾಟಿ ಹೊತ್ತುಕೊಂಡು ಬಂದು ಗೋಡೆಗೆ ಮುಖ ಮಾಡಿ ಸಾಲಾಗಿ ಕೂಡುತ್ತಿದ್ದರು. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಶಬ್ದ. ಗೋ, ವೆಂಟ್, ಗಾನ್. ಡೂ, ಡಿಡ್, ಡನ್. ಮಗ್ಗದಲ್ಲಿ ಕೂತ ನನ್ನ ಕಾಲೂ ಅದೇ ಲಯಕ್ಕೆ ಬೀಳುತ್ತಿತ್ತು. ಹೆಂಡತಿ ಒಂದು ದಿನ ಒಲೆಯ ಮುಂದೆ, "ಈಟ್, ಏಟ್, ಈಟನ್ ಅಂದ್ರ ಉಣ್ಣೂದೇನ?" ಎಂದು ಕೇಳಿದಳು. ಹೌದೆಂದು ಮೊಮ್ಮಗಳು ಹೇಳಿದಳು. "ಹಂಗಾರ ನಿಮ್ಮಜ್ಜಗ ಮೂರೂ ಬರತಾವು" ಎಂದಳು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಕಡಿಮೆ.

ಸಂಕ್ರಮಣ ಮುಗಿದಿತ್ತು. ಮಾಸ್ತರರು ಬಂದು, ಜಮಖಂಡಿಯ ಒಂದು ದೊಡ್ಡ ಸಾಲೆಯಲ್ಲಿ ಶಿಕ್ಷಣ ಸಾಮಗ್ರಿಗಳ ಪ್ರದರ್ಶನವಿದೆ, ತಪಾಸಣೆಯ ಸಾಹೇಬರು ಬೆಳಗಾವಿಯಿಂದ ಬರುತ್ತಾರೆ, ತಕ್ತೆಗಳನ್ನು ಒಯ್ಯೋಣ ಎಂದರು.

"ಮಕ್ಕಳ ಪರೀಕ್ಷಾ ಹತ್ರ ಬಂತಲ್ರಿ."

"ಹೋಗಿ ಬರೂದ ಕಾಕಾ. ಸಂಜೀಕ ಮತ್ತ ಗ್ವಾಡಿ ಮ್ಯಾಲ ಇರತಾವು. ನೀವೂ ಬರ್ರಿ, ಸಾಹೇಬರು ನಿಮ್ಮನ್ನ ನೋಡ್ಲಿ."

ಸಾಹೇಬರು ನಿಮ್ಮನ್ನು ನೋಡಲಿ ಎಂಬ ಮಾತು ನನ್ನ ತಲೆಗೆ ಹತ್ತಿಬಿಟ್ಟಿತು. ಹೊಸ ರುಮಾಲು ಸುತ್ತಿದೆ. ಮಡಿಕೆ ಬಿದ್ದರೆ ಗಂಜಿ ಬಿರಿಯುತ್ತದೆಂದು ತಕ್ತೆಗಳನ್ನು ಬೊಂಬಿಗೆ ಸುತ್ತಿ, ಮೇಲೆ ಹಳೆಯ ಧೋತರ ಕಟ್ಟಿ, ಯಾರ ಕೈಗೂ ಕೊಡದೆ ಹೆಗಲ ಮೇಲೇ ಇಟ್ಟುಕೊಂಡು ಬಸ್ಸು ಹತ್ತಿದೆ. ಮೊಮ್ಮಗಳೂ ಜೊತೆಗೆ ಬಂದಳು.

ಅಲ್ಲಿ ಕಾಗದದ ತಕ್ತೆ, ಮಣ್ಣಿನ ಗೊಂಬೆ, ಕಟ್ಟಿಗೆಯ ಮಾದರಿ ಬಹಳ ಇದ್ದವು. ಅರಿವೆಯವು ನಮ್ಮವು ಮಾತ್ರ. ಮಾಸ್ತರರು ತೂಗುಹಾಕಿದರು, ನಾನು ಕೆಳಗಿನಿಂದ ಎತ್ತಿ ಕೊಟ್ಟೆ. ಸಾಹೇಬರು ಬಂದು ನಮ್ಮ ಗೋಡೆಯ ಮುಂದೆಯೇ ಹೆಚ್ಚು ಹೊತ್ತು ನಿಂತರು. ವಯಸ್ಸಾದ, ಒಳ್ಳೆಯ ಮುಖದ ಮನುಷ್ಯ.

"ಬಹಳ ಉಪಯುಕ್ತ ಕೆಲಸ. ಇದು ಯಾರ ಕಲ್ಪನೆ?"

"ನನ್ನದ ಸರ. ಬಡ ಹುಡುಗರು ಕೆಲಸ ಮಾಡಕೋತ ಓದ್ಲಿ ಅಂತ" ಎಂದರು ಮಾಸ್ತರರು. ಅದು ಖರೆ. ನನಗೇನೂ ಅನ್ನಿಸಲಿಲ್ಲ. ಮುಂದಿನ ಮಾತು ನನ್ನದೆಂದು ಕಾಯುತ್ತಿದ್ದೆ.

ಸಾಹೇಬರು ಬಗ್ಗಿ ಕೆಂಪು ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿದರು.

"ಅರಿವೆ ಚೆನ್ನಾಗಿದೆ. ಎಲ್ಲಿಯದು?"

ಮಾಸ್ತರರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅವರಿಗೆ ಹಾಗೆ ಹೇಳಲು ಆಗುತ್ತಿರಲಿಲ್ಲ ಎಂದೇ ಈಗಲೂ ನನಗೆ ಅನ್ನಿಸುತ್ತದೆ.

"ಬಜಾರದಾಗ ತಗೊಂಡದ್ದ ಸರ. ಗಂಜಿ ಹಾಕಿ ನಾನ ತಯಾರ ಮಾಡಿದೆ."

"ಇವರು?"

"ಗಂಟ ಹೊತಗೊಂಡ ಬಂದಾರ ಸರ."

ಸಾಹೇಬರು ನನ್ನ ಕಡೆ ತಿರುಗಿ ತಲೆಯಾಡಿಸಿ, ಸಿಪಾಯಿಗೆ, "ಅವರಿಗೆ ನೀರು ಕೊಡಪಾ, ದೂರದಿಂದ ಬಂದಿದ್ದಾರೆ" ಎಂದರು. ಸಿಪಾಯಿ ತಂಬಿಗೆ ತಂದ. ನಾನು ಕುಡಿದೆ. ಬಾಯಾರಿಕೆಯಾಗಿರಲಿಲ್ಲ, ಆದರೂ ಕುಡಿದೆ. ಮೊಮ್ಮಗಳು ನನ್ನ ತೋಳು ಹಿಡಿದದ್ದು, ಅವಳ ಉಗುರು ಚರ್ಮಕ್ಕೆ ಊರಿದ್ದು ನೆನಪಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಸಾಲೆಯ ಮುಖ್ಯರು ತಕ್ತೆಗಳು ತಮ್ಮ ಹಾಲಿನಲ್ಲಿದ್ದರೆ ಶೋಭೆ ಎಂದರು. ಮಾಸ್ತರರು ಹಿಂದೆ ಮುಂದೆ ನೋಡಿದರು. ಸಾಹೇಬರು ಅವರ ಮುಖ ನೋಡುತ್ತಿದ್ದರು.

"ಅದಕ್ಕೇನ್ರಿ, ಇಟ್ಟಕೊಳ್ರಿ. ಸಾಲಿಗೆ ನನ್ನ ಕಾಣಿಕಿ."

ಬೊಂಬು ಮತ್ತು ಖಾಲಿ ಧೋತರ ಹಿಡಿದುಕೊಂಡು ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾಸ್ತರರು ಮಾತಾಡಿದರು. ಸಾಹೇಬರು ತಮ್ಮನ್ನು ಶಿಕ್ಷಕರ ತರಬೇತಿಗೆ ಕಳಿಸುವಂತೆ ಬರೆಯುತ್ತಾರಂತೆ, ತರಬೇತಿ ಮುಗಿದರೆ ಕಾಯಂ ಅಂತೆ. ಮೊಮ್ಮಗಳು ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತಿದ್ದಳು. ಮನೆಗೆ ಬಂದು ಖಾಲಿ ಗೋಡೆ ಕಂಡ ಮೇಲೆ ಕೇಳಿದಳು.

"ನೀ ಯಾಕ ಸುಮ್ನ ನಿಂತಿ ಅಜ್ಜಾ?"

"ಅಂಥಾವ್ರ ಮುಂದ ನಾ ಏನಂತ ಹೇಳ್ಲಿ ತಂಗಿ?"

"ಬಜಾರದ ಅರಿವಿ ಅಲ್ಲ ಅಂತ."

ಬೊಂಬನ್ನು ಮೂಲೆಗೆ ಆನಿಸಿಟ್ಟೆ. ಪರರು ಕದ್ದಿದ್ದರೆ ಕೂಗಾಡುತ್ತಿದ್ದೆ. ನನ್ನನ್ನು ಕಾಕಾ ಎನ್ನುವ ಬಾಯಿಯೇ ನನ್ನನ್ನು ಹಮಾಲನನ್ನಾಗಿ ಮಾಡಿತಲ್ಲ, ಅದಕ್ಕೆ ಯಾವ ಶಬ್ದದಿಂದ ಕೂಗಬೇಕೆಂದು ತಿಳಿಯಲಿಲ್ಲ.

ಮರುದಿನ ಸಂಜೆ ಮಾಸ್ತರರು ಎಂದಿನಂತೆ ಬಂದರು. ನಾನು ಮಗ್ಗ ನಿಲ್ಲಿಸಲಿಲ್ಲ.

"ಕಾಕಾ."

"ಇವತ್ತ ಹುಡುಗರು ಬಂದಿಲ್ರಿ."

ಹುಡುಗರೆಲ್ಲ ಅಲ್ಲೇ ರಾಟಿಯ ಮುಂದೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಮಾಸ್ತರರು ಹೊಸ್ತಿಲಿನಿಂದಲೇ ತಿರುಗಿ ಹೋದರು. ಆಮೇಲೆ ಬರಲಿಲ್ಲ.

ನಾನು ಮತ್ತೆ ಬಿಳಿ ಹಾಸು ಹೂಡಿದೆ. ನೇಯಲು ಯಾರೂ ಬೇಕಿರಲಿಲ್ಲ, ಗಂಜಿ ಕೊಡಲು ಯಾರೂ ಬೇಕಿರಲಿಲ್ಲ. ಅರಿವೆ ಸಿದ್ಧವಾಯಿತು, ಅದರ ಮೇಲೆ ಏನು ಬರೆಯಬೇಕು ಎಂಬಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಮೊಮ್ಮಗಳು ಖಾಲಿ ಗೋಡೆ ನೋಡುತ್ತ, "ಇದು ಈ ಮೊಳಿ ಕೆಳಗಿತ್ತು, ಇದರ ಬಾಜೂಕ ಅದು" ಎಂದು ನೆನಪಿನಿಂದ ಬರೆಯತೊಡಗಿದಳು. ಮೊದಲಿನವು ಬಂದವು. ಕೊನೆಕೊನೆಯವು ಬರಲಿಲ್ಲ. ವರ್ತುಳಕ್ಕೆ ಹೊರಗಿನ ಬಿಂದುವಿನಿಂದ ಎಳೆಯುವ, ಅದನ್ನು ಒಂದೇ ಕಡೆ ಮುಟ್ಟುವ ಸ್ಪರ್ಶರೇಷೆಯಲ್ಲಿ ನಿಂತುಬಿಟ್ಟಳು. ಪುಸ್ತಕದಲ್ಲಿದ್ದುದನ್ನು ನೋಡಿ ಗೆರೆ ಎಳೆದಳು, ಆದರೆ ಅದು ಹಾಗೇಕೆ ಎಂದು ಉಳಿದವರಿಗೆ ಹೇಳಲು ಅವಳಿಗೆ ಬರಲಿಲ್ಲ. ಸಾಲೆಯಲ್ಲಿ ಮಾಸ್ತರರನ್ನು ಕೇಳು ಎಂದರೆ ರಾಟಿಯ ಕಡೆ ತಿರುಗುತ್ತಿದ್ದಳು. ನಾನು ಬಾಗಿಲಿಗೆ ಬಂದವರನ್ನು ಕಳಿಸಿದ ಮೇಲೆ ಅವಳು ಅಲ್ಲಿ ಅವರ ಮುಂದೆ ಬಾಯಿ ಬಿಡುವುದು ಹೇಗೆ. ಓಣಿಯ ಮಕ್ಕಳು ಒಬ್ಬೊಬ್ಬರಾಗಿ ರಾಟಿ ಎತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ಕೊನೆಗೆ ಅವಳೊಬ್ಬಳೇ ಉಳಿದಳು.

ನನ್ನ ಹೆಂಡತಿ ಹೆಚ್ಚು ಮಾತಿನವಳಲ್ಲ. ಒಂದು ಬೆಳಿಗ್ಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಕೊಡಲು ಬಂದವಳು ಅಲ್ಲೇ ನಿಂತಳು.

"ಸಿಟ್ಟ ನಿಂದು. ವರ್ಷ ಆಕೀದು."

"ಅಂವ ಮಾಡಿದ್ದು ನಿನಗ ಸಣ್ಣದ ಕಾಣತೈತೇನು?"

"ಸಣ್ಣದ ಅಂತ ಯಾರಂದ್ರು? ನಾ ಆಗಿದ್ರ ಆ ತಂಬಿಗೀಲೆ ನೀರ ಅವನ ಮ್ಯಾಲ ಚೆಲ್ಲತಿದ್ದೆ. ಆದ್ರ ಸ್ಪರ್ಶರೇಷೆ ನಿನಗ ಬರತೈತೇನು? ನನಗ ಬರತೈತೇನು? ಬರಾಂವ ಅವನೊಬ್ಬನ."

ಆ ಹಗಲು ಮಗ್ಗದಲ್ಲಿ ಕೈ ಓಡಲಿಲ್ಲ. ಎಳೆ ಕಡಿದವು, ಕಟ್ಟಿದೆ, ಮತ್ತೆ ಕಡಿದವು. ಮಧ್ಯಾಹ್ನದ ಬಿಸಿಲಿನಲ್ಲಿ ಎದ್ದು ಹಿಂದಿನ ಓಣಿಗೆ ನಡೆದೆ. ನನ್ನಂಥವನು ಬದುಕಿನಲ್ಲಿ ಸಾಲದವರ ಬಾಗಿಲಿಗೆ ಹೋಗಿದ್ದಾನೆ, ಅಧಿಕಾರಿಗಳ ಬಾಗಿಲಿಗೆ ಹೋಗಿದ್ದಾನೆ. ಅವುಗಳಲ್ಲಿ ಯಾವ ದಾರಿಯೂ ಇಷ್ಟು ಉದ್ದ ಇರಲಿಲ್ಲ.

ಮಾಸ್ತರರು ಒಬ್ಬರೇ ಕೂತು ಏನೋ ತಿದ್ದುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನನಗಿಂತ ಮೊದಲು ಅವರೇ ಮಾತಾಡಿದರು.

"ಕಾಕಾ, ಆ ಹೊತ್ತಿನ್ಯಾಗ ಬಾಯಾಗ ಅದ ಬಂತು."

ಅವರಿಂದ ಬಂದ ವಿವರಣೆ ಅಷ್ಟೇ. ಇವತ್ತಿನವರೆಗೂ ಅಷ್ಟೇ.

"ಅದು ಬ್ಯಾಡ್ರಿ ಈಗ. ಸ್ಪರ್ಶರೇಷೆ ಹಂಗ ಯಾಕ ಬರತೈತಿ ಅಂತ ಹುಡುಗಿಗೆ ತಿಳೀವಲ್ದು. ಬಂದ ಹೇಳ್ರಿ."

ಅವರು ಅಂಗಿ ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿ ಮುಂದೆ ಮುಂದೆ ಹೊರಟೇಬಿಟ್ಟರು. ಕರೆಯುವುದನ್ನೇ ಕಾಯುತ್ತಿದ್ದಂತೆ. ತಪ್ಪು ಮಾಡಿದವನು ನಾನೇ ಎಂಬಂತೆ ನಾನು ಹಿಂದೆ ಹಿಂದೆ ನಡೆದೆ. ಓಣಿಯ ಜನ ನೋಡುತ್ತಿದ್ದರು. ನಮ್ಮ ಹೊಸ್ತಿಲಿಗೆ ಬಂದಾಗ ಒಂದು ಮಾತು ಹೇಳಿದೆ.

"ಮಾಸ್ತರ, ನೀವು ಹೇಳೂದಷ್ಟ. ಕಡ್ಡಿ ಮುಟ್ಟಬ್ಯಾಡ್ರಿ. ಬರಿಯೂದು ಹುಡುಗರದು."

ಅವರು ತಲೆ ಬಗ್ಗಿಸಿ ಒಳಗೆ ಬಂದರು.

ಅಂದಿನಿಂದ ಹಾಗೆಯೇ ನಡೆಯಿತು. ಮಾಸ್ತರರು ಕಂಬಕ್ಕೆ ಆತು ಕೂತು ಹೇಳುತ್ತಿದ್ದರು. ಮೊಮ್ಮಗಳು ನೆಲದ ಮೇಲೆ ಹಾಸಿದ ಅರಿವೆಗೆ ಬಗ್ಗಿ ಬರೆಯುತ್ತಿದ್ದಳು. ಹಿಂದಿರುಗಿ ಬಂದ ಹುಡುಗರಲ್ಲಿ ಒಬ್ಬ ದಾರ ಹಿಡಿದರೆ ಇನ್ನೊಬ್ಬ ಕಪ್ಪು ಕಲಸುತ್ತಿದ್ದ. ತಪ್ಪಿದಾಗ ಮಾಸ್ತರರ ಕೈ ತಾನಾಗಿ ಕಡ್ಡಿಯ ಕಡೆ ಹೋಗುತ್ತಿತ್ತು. ನಾನು ಮಗ್ಗದಿಂದ ಕೆಮ್ಮುತ್ತಿದ್ದೆ. ಕೈ ಹಿಂದಕ್ಕೆ ಹೋಗುತ್ತಿತ್ತು. ಎಲ್ಲಿ ತಪ್ಪಿತೆಂದು ಬಾಯಿಂದಲೇ ಬಿಡಿಸಿ ಹೇಳಬೇಕಾಗುತ್ತಿತ್ತು. ಹಾಗೆ ಹೇಳಿಸಿಕೊಂಡದ್ದು ಮಕ್ಕಳ ತಲೆಯಲ್ಲಿ ಮೊದಲಿಗಿಂತ ಚೆನ್ನಾಗಿ ಕೂತಿತು. ಇದು ನನ್ನ ಜಾಣತನವಲ್ಲ. ನಾನು ಸಿಟ್ಟಿಗೆ ಹೇಳಿದ್ದು ಅದು.

ಅವರು ಬಹಳ ಛಲೋ ಕಲಿಸಿದರು. ಕೆಟ್ಟದಾಗಿ ಕಲಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ತಿಳಿಯದ ಹುಡುಗನಿಗೆ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವ ಅದೇ ಧ್ವನಿ, ನಡುನಡುವೆ ಅದೇ ಚೇಷ್ಟೆ. ಆ ಧ್ವನಿ ಕೇಳುವಾಗಲೆಲ್ಲ ಅದರೊಳಗೇ "ಗಂಟ ಹೊತಗೊಂಡ ಬಂದಾರ ಸರ" ಎಂಬುದೂ ಕೇಳುತ್ತಿತ್ತು. ಹೆಂಡತಿ ಅವರಿಗೆ ಮೊದಲಿನಂತೆ ರೊಟ್ಟಿ ಕೊಟ್ಟಳು, ಮೊದಲಿನಂತೆ ಬೆಣ್ಣೆ ಹಚ್ಚಿದಳು. ನಾನು ಅವರು ಹೋದ ಮೇಲೆ ಉಣ್ಣುತ್ತಿದ್ದೆ.

ಪರೀಕ್ಷೆ ಜಮಖಂಡಿಯಲ್ಲಿ. ಮೊಮ್ಮಗಳ ನಂಬರು ಬಂದದ್ದು ಅದೇ ದೊಡ್ಡ ಸಾಲೆಯ ಅದೇ ಹಾಲಿಗೆ. ಪರೀಕ್ಷೆಯೆಂದು ಗೋಡೆಯ ಮೇಲಿನದನ್ನೆಲ್ಲ ಮೇಲಕ್ಕೆ ಸುತ್ತಿ ಕಟ್ಟಿದ್ದರಂತೆ. ಭೂಮಿತಿಯ ಪೇಪರು ಮುಗಿಸಿ ಹೊರಗೆ ಬಂದವಳು ಹೇಳಿದಳು:

"ನಮ್ಮ ಅರಿವಿ ನನ್ನ ತಲೀ ಮ್ಯಾಲ ಇದ್ದೂ ಅಜ್ಜಾ. ಅಂಚಷ್ಟ ಕಾಣತಿತ್ತು."

"ಪೇಪರು?"

"ಸ್ಪರ್ಶರೇಷೆ ಬಂದಿತ್ತು."

"ಬರದಿ?"

"ಬರದೆ. ಅದು ಹಂಗ ಯಾಕ ಅಂತನೂ ಬರದೆ."

ನಾನು ಅಲ್ಲೇ ಗಿಡದ ಕೆಳಗೆ ಕೂತುಬಿಟ್ಟೆ.

ಫಲಿತಾಂಶ ಬಂದ ದಿನ ಮುಧೋಳದಲ್ಲಿರುವ ಮಗಳ ಮನೆಗೆ ನಾನೇ ಹೋಗಿ ಹೇಳಿದೆ, ಅಲ್ಲಿಂದ ಬೀಳಗಿಯ ಬೀಗರಿಗೆ ಆಳು ಕಳಿಸಿ ಹೇಳಿಸಿದೆ. ಓಣಿಯ ಉಳಿದ ಮಕ್ಕಳಲ್ಲಿಯೂ ಹೆಚ್ಚಿನವರು ಪಾಸು. ಧಾರವಾಡದ ಕಾಲೇಜಿನಲ್ಲಿ ಅವಳಿಗೆ ಜಾಗ ಸಿಕ್ಕಿತು, ಇರಲು ಹುಡುಗಿಯರ ವಸತಿಗೃಹವೂ ಸಿಕ್ಕಿತು. ಅರ್ಜಿ ತುಂಬಿಸಿದ್ದು, ಯಾವ ವಿಷಯ ತೆಗೆದುಕೊಳ್ಳಬೇಕೆಂದು ಹೇಳಿದ್ದು, ಎಲ್ಲ ಮಾಸ್ತರರೇ. ಗಣಿತ ತಗೋ ಎಂದರು, ಅವಳು ಅದನ್ನೇ ತೆಗೆದುಕೊಂಡಳು. ಅವರಿಗೂ ತರಬೇತಿಯ ಹುಕುಮು ಬಂದಿತ್ತು. ಇಬ್ಬರೂ ಊರು ಬಿಡುವವರೇ.

ಅವಳು ಹೊರಟ ಬೆಳಿಗ್ಗೆ ಮನೆಯ ಮುಂದೆ ಹಬ್ಬದಷ್ಟು ಜನ. ಹೆಂಡತಿ ಬುತ್ತಿ ಕಟ್ಟುತ್ತಿದ್ದಳು, ಮಗ ಜಟಕಾ ಸಿಗಲಿಲ್ಲವೆಂದು ಬರಿಗೈಯಲ್ಲಿ ಬಂದ. ಮಾಸ್ತರರೂ ಬಂದಿದ್ದರು. ಮೊಮ್ಮಗಳು ನನ್ನ ಕಾಲು ಮುಟ್ಟಿದಳು, ಅಜ್ಜಿಯ ಕಾಲು ಮುಟ್ಟಿದಳು, ಅಪ್ಪ ಅವ್ವನ ಕಾಲು ಮುಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಮಾಸ್ತರರ ಕಾಲನ್ನೂ ಮುಟ್ಟಿದಳು. ಅವರ ಕಣ್ಣು ತುಂಬಿತು.

ಜನ ಬುತ್ತಿಯ ಗಡಿಬಿಡಿಯಲ್ಲಿದ್ದಾಗ ಅವರು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

"ಕಾಕಾ, ಈಗರೆ ಸಿಟ್ಟ ಹೋತೇನ್ರಿ?"

ಅಂಥ ದಿನ ಯಾರು ಏನು ಕೇಳಿದರೂ ಕೊಟ್ಟುಬಿಡುವಷ್ಟು ನನ್ನ ಮನಸ್ಸು ತುಂಬಿತ್ತು. ಹೋಯಿತು ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಬರಲಿಲ್ಲ.

"ಇಲ್ರಿ ಮಾಸ್ತರ, ಹೋಗಿಲ್ಲ. ಬಸ್ಸಿಗೆ ಹೊತ್ತಾತು. ಆ ಟ್ರಂಕಿನ ಆ ಕಡೀ ಹಿಡೀರಿ."

ಅವರು ಬಗ್ಗಿ ಹಿಡಿದರು. ಪುಸ್ತಕ ತುಂಬಿದ ಟ್ರಂಕು, ಬಹಳ ಭಾರ. ಒಂದು ಕಡೆ ಅವರು, ಒಂದು ಕಡೆ ನಾನು, ಓಣಿಯ ನಟ್ಟನಡುವೆ ಬಸ್ಸಿನವರೆಗೆ ಹೊತ್ತುಕೊಂಡು ಹೋದೆವು. ದಾರಿಯಲ್ಲಿ ಸಿಕ್ಕವರೆಲ್ಲ ಎಲ್ಲಿಗೆ ಎಂದು ಕೇಳಿದರು. ಪ್ರತಿಯೊಬ್ಬರಿಗೂ ನಾನೇ ಉತ್ತರ ಕೊಟ್ಟೆ, ಧಾರವಾಡಕ್ಕೆ, ಕಾಲೇಜಿಗೆ ಎಂದು. ಮಾಸ್ತರರು ಟ್ರಂಕು ಹೊತ್ತು ನಡೆದರು.